ಮಿಲ್ ಅಂದ್ರೆ ಏನು?

ಕಳೆದ ಸೆಮಿಸ್ಟರ್ ವರ್ಕ್‌ಶಾಪ್ ವೈವಾದಲ್ಲಿ ನನಗೊಂದು ಪ್ರಶ್ನೆ ಬಂತು. "ಇದಕ್ಕೆ ಮಿಲ್ಲಿಂಗ್ ಮಷೀನ್ ಅಂತ ಯಾಕೆ ಹೆಸರು?" ಬಾಯಿಪಾಠ ಮಾಡಿದ್ದ ಡೆಫಿನಿಷನ್ ಒದರಿದೆ. "ಅದಲ್ಲ, ಹೆಸರು ಯಾಕೆ?" ಅಂದ್ರು. ಸುಮ್ಮನೆ ನಿಂತೆ. ನಾನು ಗಂಗಾವತಿಯವನು, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಿಂದ ಹೊರಬಿದ್ರೆ ರೈಸ್ ಮಿಲ್ ಕಾಣ್ತದೆ. ಆದ್ರೂ ಆ ಪದದ ಅರ್ಥ ಗೊತ್ತಿರಲಿಲ್ಲ.

ರೂಮಿಗೆ ಬಂದು ಡಿಕ್ಷನರಿ ನೋಡಿದೆ. ಮಿಲ್ ಪದದ ಮೂಲ ಲ್ಯಾಟಿನ್‌ನ 'ಮೋಲಾ', ಅಂದ್ರೆ ಬೀಸುವ ಕಲ್ಲು. ದವಡೆ ಹಲ್ಲಿಗೆ 'ಮೋಲಾರ್' ಅನ್ನೋದೂ ಅದರಿಂದಲೇ. ಬಾಯೊಳಗಿನ ಬೀಸುಕಲ್ಲು ನೋಡ್ರಿ ಅದು! ಯುರೋಪಿನಲ್ಲಿ ಆ ಕಲ್ಲನ್ನು ನೀರಿನ ಚಕ್ರದಿಂದಲೂ ತಿರುಗಿಸ್ತಿದ್ರು. 1771ರಲ್ಲಿ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಚಕ್ರದಿಂದಲೇ ನೂಲುವ ಕಾರ್ಖಾನೆ ಶುರುಮಾಡಿದ. ಅದೂ ಮಿಲ್ ಆಯ್ತು. ಚಾರ್ಲ್ಸ್ ಬ್ಯಾಬೇಜ್ ತನ್ನ ಅನಾಲಿಟಿಕಲ್ ಎಂಜಿನ್‌ನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಇಟ್ಟ ಹೆಸರೂ ಮಿಲ್. ಸಿಎಸ್‌ನವರೇ, ನಿಮ್ಮ ಪ್ರೊಸೆಸರ್ ಕೂಡ ಒಂದು ಗಿರಣಿ!

ಮಜಾ ಏನಂದ್ರೆ, ನಮ್ಮೂರ ರೈಸ್ ಮಿಲ್ ಬೀಸೋದೇ ಇಲ್ಲ. ಭತ್ತದ ಹೊಟ್ಟು ಬಿಡಿಸ್ತದೆ, ತೌಡು ತೆಗೀತದೆ. ಬೀಸಿದ್ರೆ ಅಕ್ಕಿ ಹಿಟ್ಟಾಗಿ ಹೋಗ್ತದೆ.

ಇದನ್ನು ಕುಷ್ಟಗಿಯ ರೂಮ್‌ಮೇಟ್‌ಗೆ ಹೇಳಿದೆ. ನಕ್ಕುಬಿಟ್ಟ. "ಅದಕ್ಕ ನೋಡಲೇ, ಜ್ವಾಳ ಬೀಸಿಸಾಕ ನಾವು ಗಿರಣಿಗೆ ಹೋಗ್ತೀವಿ, ಮಿಲ್ಲಿಗಲ್ಲ."

ಹೌದಲ್ಲ! ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ನಮ್ಮ ಮಂದಿ ಬೇರೆ ಬೇರೆ ಇಟ್ಕೊಂಡಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆ ನೀರುಣ್ಣೋ ಗಂಗಾವತಿ ಕಡೆ ಭತ್ತಕ್ಕೆ ಮಿಲ್, ಮಳೆ ನಂಬಿರೋ ಕುಷ್ಟಗಿ, ಯಲಬುರ್ಗಾ ಕಡೆ ಜೋಳಕ್ಕೆ ಗಿರಣಿ.

ಈ ಗೆಳೆಯ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅದೇ ವೈವಾದಲ್ಲಿ ಕಟರ್ ಹೇಗೆ ತಿರುಗ್ತದೆ, ಜಾಬ್ ಹೇಗೆ ಸರಿತದೆ ಎಲ್ಲಾ ಗೊತ್ತಿದ್ರೂ ಇಂಗ್ಲಿಷ್ ಪದ ಸಿಗದೆ ಮಾರ್ಕ್ಸ್ ಕಳ್ಕೊಂಡ. ನಾನು ಅರ್ಥ ಗೊತ್ತಿಲ್ಲದೆ ಇಂಗ್ಲಿಷ್ ಒದರಿ ಅವನಿಗಿಂತ ಜಾಸ್ತಿ ತಗೊಂಡೆ. ಇದ್ಯಾವ ನ್ಯಾಯ?

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಹೊಸ ಪದ ಬಂದಾಗ ಅದು ಎಲ್ಲಿಂದ ಬಂತು, ನಮ್ಮೂರಲ್ಲಿ ಅದಕ್ಕೆ ಏನಂತಾರೆ ಅಂತ ಕ್ಲಾಸಿನಲ್ಲಿ ಎರಡು ನಿಮಿಷ ಮಾತಾಡಿದ್ರೆ ಸಾಕು. ಅವನ ಅಂಜಿಕೆ ಹೋಗ್ತದೆ, ನನ್ನ ಬಾಯಿಪಾಠವೂ ಹೋಗ್ತದೆ. ಕ್ಲಾಸಿನಲ್ಲಿ ಆಗದಿದ್ರೆ ಹಾಸ್ಟೆಲ್ ರೂಮಿನಲ್ಲಾದ್ರೂ ಮಾಡೋಣ.

ಈಗ ಯಾರಾದ್ರೂ ಆ ಪ್ರಶ್ನೆ ಕೇಳಿದ್ರೆ ಹೀಗಂತೀನಿ: "ಸರ್, ಇದೂ ಒಂದು ಗಿರಣಿ. ಕಲ್ಲಿನ ಬದಲು ಹಲ್ಲಿರೋ ಕಟರ್, ಜೋಳದ ಬದಲು ಕಬ್ಬಿಣ."