ಉಗುರಗಲದ ಭಂಡಾರ

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವು ಎರಡು ಕಾರಣಗಳಿಂದ ಹೆಸರಾದ ಊರು. ಒಂದು, ಬೆಟ್ಟದ ಮೇಲಿನ ಉಚ್ಚಂಗೆಮ್ಮನ ಗುಡಿ. ಇನ್ನೊಂದು, ಆ ಬೆಟ್ಟವನ್ನು ಕಾಯುತ್ತಿದ್ದ ಹಳೆಯ ಕೋಟೆ. ನೊಳಂಬವಾಡಿಯ ಪಾಂಡ್ಯರು ಇಲ್ಲಿ ನೆಲೆಸಿ ಆಳಿದರು. ಹೊಯ್ಸಳ ಇಮ್ಮಡಿ ಬಲ್ಲಾಳನು ೧೧೭೭ರ ಸುಮಾರಿಗೆ ಈ ದುರ್ಗವನ್ನು ಹಿಡಿದು ‘ಗಿರಿದುರ್ಗಮಲ್ಲ’ನೆನಿಸಿಕೊಂಡನು. ಅವನಿಗೂ ಇನ್ನೂರು ವರ್ಷ ಮುಂಚೆ ಗಂಗರ ಮಾರಸಿಂಹನು ಉಚ್ಚಂಗಿಯನ್ನು ಗೆದ್ದಿದ್ದನು. ಆ ವಾರ್ತೆಯು ಇಲ್ಲಿಂದ ಬಹುದೂರದ ಶ್ರವಣಬೆಳಗೊಳದ ಕಂಬವೊಂದರ ಮೇಲೆ ಇಂದಿಗೂ ಓದುವಂತಿದೆ. ಕಲ್ಲಿಗೆ ಮರೆವಿಲ್ಲ. ಆದರೆ ಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವಂತಿಲ್ಲವಷ್ಟೆ!

ಭರತ ಹುಣ್ಣಿಮೆಗೂ ಯುಗಾದಿಗೂ ಈ ಬೆಟ್ಟವನ್ನೇರುವ ಭಕ್ತರ ಕೈಯಲ್ಲಿ ಈಗ ಹಣ್ಣುಕಾಯಿಯ ಜೊತೆಗೆ ಒಂದು ಕೈಗಣಕವೂ ಇರುತ್ತದೆ. ಅದನ್ನು ಮೊಬೈಲ್ ಎನ್ನಲಿ, ಟ್ಯಾಬ್ಲೆಟ್ ಎನ್ನಲಿ, ಕೆಲಸದಲ್ಲಿ ಅದು ಅಂಗೈಯೊಳಗಿನ ಕಂಪ್ಯೂಟರೇ ಸರಿ. ದಾವಣಗೆರೆಯ ಒಂದು ಸಂಸಾರವು ಮಗುವಿನ ಹರಕೆ ತೀರಿಸಲು ಹೀಗೆ ಬಂದಿದೆಯೆಂದು ಊಹಿಸಬಹುದು. ಎಂಬತ್ತು ದಾಟಿದ ಅಜ್ಜಿಯು ಮೊಮ್ಮಗನ ತೋಳು ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಕುಳಿತು ಸುಧಾರಿಸಿಕೊಂಡು, ಅಂತೂ ದೇವಿಯ ಮುಂದೆ ನಿಂತಿದ್ದಾಳೆ. ಸೊಸೆಯು ಅಷ್ಟನ್ನೂ ಚಿತ್ರ ತೆಗೆದಿದ್ದಾಳೆ. ಆ ವರ್ಷದ ದೀಪಾವಳಿಗೆ ಅಜ್ಜಿಯಿಲ್ಲ. ಹದಿಮೂರನೆಯ ದಿನಕ್ಕೆ ಗೋಡೆಗೆ ಹಾಕಲು ಒಂದು ಪಟ ಬೇಕೆಂದು ಮಗನು ಕೈಗಣಕವನ್ನು ತೆರೆದರೆ, ‘ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆಯೊಂದು ಬೆಳಗುತ್ತದೆ. ‘ಹೌದು’ ಎಂದು ಒತ್ತಿದರೆ, ಉಳಿಯಬಹುದಾಗಿದ್ದುದೂ ಕೈತಪ್ಪುವ ಸಂಭವವುಂಟು. ಇಂತಹ ಸಂಕಟವನ್ನು ಕಂಡ ಮನೆಗಳು ಪೇಟೆಪಟ್ಟಣಗಳಲ್ಲಿ ವಿರಳವಲ್ಲ. ಮೆಮೊರಿ ಕಾರ್ಡಿನ ಆಯ್ಕೆಯು ಅಂಗಡಿಯವನಿಗೆ ಬಿಟ್ಟುಬಿಡುವ ಚಿಲ್ಲರೆ ವ್ಯವಹಾರವಲ್ಲವೆಂಬುದು ಅಂಥವರಿಗೆ ಚೆನ್ನಾಗಿ ಗೊತ್ತು.

ಕೈಗಣಕಕ್ಕೂ ಕಾರ್ಡಿಗೂ ಇರುವ ನಂಟು ಕನ್ನಡನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ೧೯೯೯ರಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಎಂಬುದನ್ನು ಕಟ್ಟಿದರು. ಸರಳವೂ ಅಗ್ಗವೂ ಬಹುಭಾಷೆಗಳದೂ ಆದ ಜನಸಾಮಾನ್ಯರ ಗಣಕವನ್ನು ನಿರ್ಮಿಸುವುದು ಅವರ ಹಂಬಲವಾಗಿತ್ತು. ೨೦೦೧ರಲ್ಲಿ ಮಾದರಿ ಹೊರಬಂದಿತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿದಾ’ ಎಂಬ ಸಿಂಪ್ಯೂಟರು ಮಾರುಕಟ್ಟೆಗೆ ಬಂದಿತು. ಕರ್ನಾಟಕ ಸರ್ಕಾರವು ಜಮೀನಿನ ದಾಖಲೆಗಳ ಕೆಲಸದಲ್ಲಿ ಇದನ್ನು ಬಳಸಿ ನೋಡಿದ್ದೂ ಉಂಟು. ಈ ಯಂತ್ರದ ಹಿಂದಿದ್ದ ಆಲೋಚನೆ ಸೊಗಸಾದುದು. ಪ್ರತಿಯೊಂದು ಮನೆಗೂ ಗಣಕವನ್ನು ಕೊಳ್ಳುವ ಶಕ್ತಿಯಿಲ್ಲ. ಆದಕಾರಣ ಯಂತ್ರವು ಊರಿಗೆ ಸೇರಿದ್ದು, ಕಾರ್ಡು ಮಾತ್ರ ಮನೆಗೆ ಸೇರಿದ್ದು. ಒಬ್ಬೊಬ್ಬರೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ತಂದು ಸಿಕ್ಕಿಸಿದರೆ ಯಂತ್ರವು ಆ ಹೊತ್ತಿಗೆ ಅವರದಾಗುತ್ತಿತ್ತು. ಸಿಂಪ್ಯೂಟರು ಎಣಿಸಿದಷ್ಟು ಮಾರಾಟವಾಗದೆ ಹಿಂದೆ ಸರಿಯಿತು. ಇಂದು ಸನ್ನಿವೇಶವು ತಿರುಗುಮುರುಗಾಗಿದೆ: ಮನೆಮನೆಗೆ ನಾಲ್ಕು ಯಂತ್ರಗಳಿವೆ. ಎರಡು ಮೂರು ವರ್ಷಕ್ಕೊಮ್ಮೆ ಅವನ್ನು ಬದಲಾಯಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡು ಬರುವುದು ಕಾರ್ಡು ಮಾತ್ರ. ಆದರೂ ಯಂತ್ರಕ್ಕೆ ಹತ್ತಿಪ್ಪತ್ತು ಸಾವಿರ ಸುರಿಯುವವರು ಕಾರ್ಡಿನ ಬಳಿ ಬಂದಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ!

ಈ ಕಾರ್ಡೆಂದರೇನು? ೧೫ ಮಿಲಿಮೀಟರ್ ಉದ್ದ, ೧೧ ಮಿಲಿಮೀಟರ್ ಅಗಲ, ೧ ಮಿಲಿಮೀಟರ್ ದಪ್ಪ. ಹುಣಸೆಬೀಜದ ಜೊತೆಗೆ ಬಿದ್ದರೆ ಹುಡುಕಬೇಕಾದಷ್ಟು ಚಿಕ್ಕದು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಗಣಕವು ಸಾಮಾನ್ಯವಾಗಿ ೩ ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ೩೨ ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಸಾವಿರ ಕೋಟಿಗೂ ಮೀರಿ ಚಿಹ್ನೆಗಳು ಹಿಡಿಸುತ್ತವೆ. ಇದರೊಳಗಿನ ಫ್ಲ್ಯಾಶ್ ಸ್ಮೃತಿಯನ್ನು ೧೯೮೦ರ ದಶಕದಲ್ಲಿ ರೂಪಿಸಿದವರು ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುಓಕಾ. ತೋಶಿಬಾ, ಪ್ಯಾನಸೋನಿಕ್‌ನ ಮಾತೃಸಂಸ್ಥೆಯಾದ ಮಾತ್ಸುಶಿತಾ, ಅಮೆರಿಕದ ಸ್ಯಾನ್‌ಡಿಸ್ಕ್, ಈ ಮೂವರೂ ಕೂಡಿ ೧೯೯೯ರಲ್ಲಿ ‘ಎಸ್‌ಡಿ’ ಎಂಬ ಮಾದರಿಯನ್ನು ಪ್ರಕಟಿಸಿದರು.

ಬಯಲುಸೀಮೆಯವರಿಗೆ ಇದರ ಒಳಗುಟ್ಟನ್ನು ಹಗೇವಿನ ಉಪಮಾನದಿಂದ ಸುಲಭವಾಗಿ ಹೇಳಬಹುದು. ನೆಲದಲ್ಲಿ ಗುಂಡಿ ತೋಡಿ ಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ಕಾಳು ಒಳಗೆ ಭದ್ರವಾಗಿರುತ್ತದೆ. ಕಾರ್ಡಿನೊಳಗೆ ಇಂತಹ ಕೋಟ್ಯಂತರ ಸೂಕ್ಷ್ಮವಾದ ಹಗೇವುಗಳಿವೆ. ಅವುಗಳಲ್ಲಿ ಕಾಳಿನ ಬದಲು ವಿದ್ಯುತ್ಕಣಗಳು. ಗೋಡೆಯ ಬದಲು ವಿದ್ಯುತ್ತನ್ನು ತಡೆಯುವ ಅತಿ ತೆಳುವಾದ ಪೊರೆ. ಬರೆಯುವುದೆಂದರೆ ಆ ಪೊರೆಯ ಮೂಲಕ ಕಣಗಳನ್ನು ಬಲವಂತವಾಗಿ ಒಳದೂಡುವುದು, ಅಳಿಸುವುದೆಂದರೆ ಹೊರಕ್ಕೆಳೆಯುವುದು. ತುಂಬಿ ಬರಿದು ಮಾಡಿದಂತೆಲ್ಲ ಪೊರೆ ಸವೆಯುತ್ತದೆ. ಆದ್ದರಿಂದ ಎಂತಹ ಉತ್ತಮ ಕಾರ್ಡಿಗೂ ಆಯುಸ್ಸಿನ ಮಿತಿಯುಂಟು.

ಮೊದಮೊದಲು ಒಂದು ಹಗೇವಿನಲ್ಲಿ ‘ತುಂಬಿದೆ’ ಅಥವಾ ‘ಬರಿದಾಗಿದೆ’ ಎಂಬ ಎರಡೇ ಸ್ಥಿತಿಗಳಿದ್ದವು. ಅಗ್ಗದಲ್ಲಿ ಹೆಚ್ಚು ಹಿಡಿಸಬೇಕೆಂಬ ಆಸೆಯಿಂದ ತಯಾರಕರು ಅದೇ ಗುಂಡಿಯೊಳಗೆ ೪ ಮಟ್ಟಗಳನ್ನು ಗುರುತಿಸತೊಡಗಿದರು, ಆಮೇಲೆ ೮, ಈಗ ೧೬. ಎರಡೇ ಮಟ್ಟವಿದ್ದಾಗ ನಾಲ್ಕು ಕಾಳು ಸೋರಿದರೂ ತುಂಬಿದ್ದು ತುಂಬಿದ್ದೇ. ಹದಿನಾರು ಗೆರೆಗಳಿದ್ದರೆ ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಗೆರೆ ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ಅದರೊಂದಿಗೆ ತಾಳಿಕೆಯೂ ಇಳಿಯುತ್ತದೆ. ಎರಡೇ ಮಟ್ಟದ ಕಾಲದ ಗುಂಡಿಯು ಲಕ್ಷದಷ್ಟು ಸಲ ತುಂಬಿ ಬರಿದಾಗುವುದನ್ನು ತಾಳಬಲ್ಲುದಾಗಿತ್ತು. ಎಂಟು ಮಟ್ಟದ್ದಕ್ಕೆ ಕೆಲವೇ ಸಾವಿರ ಸಲ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಹಗಲಿರುಳೂ ಚಿತ್ರವನ್ನು ಬರೆದು ಅಳಿಸುತ್ತಿರುವ ಬಾಗಿಲ ಕಾವಲಿನ ಕ್ಯಾಮೆರಾಗಳಿಗೂ ಕಾರಿನ ಕ್ಯಾಮೆರಾಗಳಿಗೂ ‘ಹೈ ಎಂಡ್ಯೂರೆನ್ಸ್’ ಎಂಬ ಬೇರೆ ಬಗೆಯ ಕಾರ್ಡುಗಳನ್ನು ಮಾರುವುದು ಇದಕ್ಕಾಗಿಯೇ. ಮನೆಯ ಫೋಟೋಗಳಿಗೆ ಅದು ಅನಿವಾರ್ಯವಲ್ಲ. ಕೊಂಡರೆ ನಷ್ಟವೂ ಇಲ್ಲ.

ಕಾರ್ಡಿನ ಮೈಮೇಲೆ ಅಚ್ಚಾಗಿರುವ ಬೀಜಾಕ್ಷರಗಳನ್ನು ಕಂಡು ಗೃಹಸ್ಥರು ಗಾಬರಿಯಾಗುವುದುಂಟು. ಅವು ಯಂತ್ರಶಾಸ್ತ್ರದ ಮಂತ್ರಗಳೇನೂ ಅಲ್ಲ. ಬರಿಯ ‘ಎಸ್‌ಡಿ’ ಎಂದಿದ್ದರೆ ೨ ಗಿಗಾಬೈಟಿನವರೆಗೆ, ‘ಎಚ್‌ಸಿ’ ಎಂದು ಸೇರಿದ್ದರೆ ೩೨ರವರೆಗೆ, ‘ಎಕ್ಸ್‌ಸಿ’ ಎಂದಿದ್ದರೆ ಅದಕ್ಕೂ ಮೇಲೆ ೨ ಟೆರಾಬೈಟಿನವರೆಗೆ. ಹಳೆಯ ಕೈಗಣಕವು ದೊಡ್ಡ ಕಾರ್ಡನ್ನು ಓದಲಾರದು. ಅಟ್ಟದಿಂದ ಇಳಿಸಿದ ಹಳೆಯ ಯಂತ್ರಕ್ಕೆ ಹೊಸ ಕಾರ್ಡು ತಂದು, ಅದು ಓದಲಿಲ್ಲವೆಂದು ಅಂಗಡಿಯವನೊಡನೆ ಜಗಳ ಕಾಯುವುದು ನ್ಯಾಯವಲ್ಲ. ವೃತ್ತದೊಳಗಿನ ೧೦ ಎಂಬ ಅಂಕಿಯು ಕ್ಷಣಕ್ಕೆ ಕನಿಷ್ಠ ೧೦ ಮೆಗಾಬೈಟಿನಂತೆ ಬರೆಯುವ ವೇಗವನ್ನು ಹೇಳುತ್ತದೆ. ‘ಯು’ ಎಂಬ ಅಕ್ಷರದೊಳಗೆ ೩ ಇದ್ದರೆ ಅಥವಾ ‘ವಿ ೩೦’ ಎಂದಿದ್ದರೆ ಕನಿಷ್ಠ ೩೦. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ೧೦೦, ೧೫೦ ಎಂದು ಹೊಗಳಿಕೊಂಡಿರುವುದು ಸಾಮಾನ್ಯವಾಗಿ ಓದುವ ವೇಗ, ಅದೂ ಪರಮಾವಧಿ. ಜಾಹೀರಾತಿನ ಅಂಕಿ ಪರಮಾವಧಿಯನ್ನು ಹೇಳುತ್ತದೆ, ಲಾಂಛನದ ಅಂಕಿ ಕನಿಷ್ಠವನ್ನು ಹೇಳುತ್ತದೆ. ನಂಬತಕ್ಕದ್ದು ಎರಡನೆಯದನ್ನು. ‘ಎ ೧’, ‘ಎ ೨’ ಎಂಬವು ಚಿಕ್ಕ ಚಿಕ್ಕ ಕಡತಗಳನ್ನು ಚುರುಕಾಗಿ ಹುಡುಕಿ ಬರೆಯುವ ಶಕ್ತಿಯ ಗುರುತುಗಳು. ಆ್ಯಪುಗಳನ್ನು ಕಾರ್ಡಿನಲ್ಲಿಡುವವರಿಗೆ ಅವು ಬೇಕು, ಚಿತ್ರಗಳನ್ನಷ್ಟೇ ಇಡುವವರಿಗೆ ಬೇಡ.

ಇಷ್ಟೆಲ್ಲ ತಿಳಿದಮೇಲೂ ಮೋಸಹೋಗುವ ದಾರಿಯೊಂದಿದೆ. ಅದು ನಕಲಿ ಕಾರ್ಡು. ಪ್ರತಿಯೊಂದು ಕಾರ್ಡಿನಲ್ಲಿಯೂ ಹಗೇವುಗಳ ಲೆಕ್ಕವಿಡುವ ಒಬ್ಬ ಶಾನುಭೋಗನಿದ್ದಾನೆ. ಅದು ನಿಯಂತ್ರಕವೆಂಬ ಪುಟ್ಟ ಚಿಪ್ಪು. ೮ ಗಿಗಾಬೈಟಿನ ಕಾರ್ಡಿನಲ್ಲಿ ಈ ಶಾನುಭೋಗನಿಗೆ ಸುಳ್ಳು ಲೆಕ್ಕ ಕಲಿಸಿ, ‘೧೨೮ ಇದೆ’ ಎಂದು ಹೇಳಿಸುವುದು ಖದೀಮರಿಗೆ ಕಷ್ಟವಲ್ಲ. ಕೈಗಣಕವು ಆ ಮಾತನ್ನು ನಂಬುತ್ತದೆ. ಮೊದಲ ೮ ಗಿಗಾಬೈಟು ಸರಿಯಾಗಿಯೇ ತುಂಬುತ್ತದೆ. ಅಲ್ಲಿಂದ ಮುಂದೆ ಬರೆದದ್ದು ಹಳೆಯದರ ಮೇಲೆಯೇ ಬೀಳುತ್ತದೆ, ಇಲ್ಲವೆ ಶೂನ್ಯಕ್ಕೆ ಹೋಗುತ್ತದೆ. ಪಟ್ಟಿಯಲ್ಲಿ ಚಿತ್ರಗಳ ಹೆಸರುಗಳೆಲ್ಲ ಕಾಣುತ್ತವೆ. ತೆರೆದರೆ ಒಳಗೇನೂ ಇಲ್ಲ. ಈ ವಂಚನೆಯ ಕ್ರೌರ್ಯವಿರುವುದು ಅದು ತಡವಾಗಿ ಬಯಲಾಗುವುದರಲ್ಲಿ. ಕೊಂಡ ದಿನವೇ ಕೆಟ್ಟರೆ ಹಿಂದಿರುಗಿಸಬಹುದು. ಇದಾದರೋ ವರ್ಷ ಕಳೆದು, ಎರಡು ಮದುವೆ ಒಂದು ಗೃಹಪ್ರವೇಶ ಮುಗಿದಮೇಲೆ ಬಾಯಿಬಿಡುತ್ತದೆ.

ಇದಕ್ಕೆ ಪರಿಹಾರ ಸುಲಭ. ಕೊಂಡ ದಿನವೇ ಕಾರ್ಡನ್ನು ಅಂಚಿನವರೆಗೆ ತುಂಬಿಸಿ, ತುಂಬಿದ್ದನ್ನು ಪುನಃ ಓದಿಸಿ ಹೋಲಿಸಬೇಕು. ‘ಎಚ್‌೨ಟೆಸ್ಟ್‌ಡಬ್ಲ್ಯೂ’, ‘ಎಫ್೩’ ಎಂಬ ಉಚಿತ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಈ ಕೆಲಸವನ್ನು ತಾವೇ ಮಾಡುತ್ತವೆ. ದೊಡ್ಡ ಕಾರ್ಡಾದರೆ ಗಂಟೆಗಟ್ಟಲೆ ಹಿಡಿದೀತು. ರಾತ್ರಿ ಹಚ್ಚಿಟ್ಟು ಮಲಗಿದರಾಯಿತು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಅವರಿಗೆ ಒಪ್ಪಿಸಬಹುದು. ಇನ್ನೊಂದು ಮಾತು: ೬೪ ಎಂದು ಕೊಂಡದ್ದು ಯಂತ್ರದಲ್ಲಿ ೫೯ ಚಿಲ್ಲರೆಯೆಂದು ತೋರಿದರೆ ಅದು ಮೋಸವಲ್ಲ. ತಯಾರಕನು ಸಾವಿರದ ಲೆಕ್ಕದಲ್ಲಿ ಅಳೆದದ್ದನ್ನು ಕೆಲವು ಯಂತ್ರಗಳು ೧೦೨೪ರ ಲೆಕ್ಕದಲ್ಲಿ ಅಳೆಯುತ್ತವೆ. ಸೇರು ಬೇರೆಯಾದರೆ ರಾಶಿಯ ಲೆಕ್ಕವೂ ಬೇರೆಯಾಗುವುದಷ್ಟೆ. ಜಾತ್ರೆಯ ಅಂಗಡಿಯಲ್ಲಿ ಬಲೂನು ಕೊಳ್ಳಬಹುದು, ಬೆಂಡುಬತ್ತಾಸು ಕೊಳ್ಳಬಹುದು. ಮೆಮೊರಿ ಕಾರ್ಡನ್ನು ಮಾತ್ರ ರಸೀತಿ ಕೊಡುವ, ನಾಳೆಯೂ ಅಲ್ಲಿಯೇ ಇರುವ ಅಂಗಡಿಯಲ್ಲಿ ಕೊಳ್ಳುವುದು ಲೇಸು. ಅರ್ಧಕ್ಕರ್ಧ ಕಡಿಮೆ ಬೆಲೆ ಹೇಳಿದವನನ್ನು ಶಂಕಿಸಬೇಕು.

ಮನೆಯವರೇ ಕಾರ್ಡಿಗೆ ಮಾಡುವ ಅಪಚಾರಗಳೂ ಕಡಿಮೆಯಲ್ಲ. ಬರೆಯುತ್ತಿರುವಾಗಲೇ ಕಿತ್ತುತೆಗೆಯುವುದು ಅವುಗಳಲ್ಲಿ ಮೊದಲನೆಯದು. ಆಗ ಯಾವ ಚಿತ್ರ ಯಾವ ಹಗೇವಿನಲ್ಲಿದೆಯೆಂಬ ಪಟ್ಟಿಯೇ ಕೆಡುತ್ತದೆ. ಕಾಳಿದ್ದರೂ ಗುಂಡಿಯ ಗುರುತು ಸಿಕ್ಕದು. ಬೇಸಗೆಯಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಬಿಡುವುದು ಇನ್ನೊಂದು. ಬಿಸಿಲಿಗೆ ವಿದ್ಯುತ್ಕಣಗಳು ಬೇಗ ಸೋರುತ್ತವೆ. ಮೂರನೆಯದು ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ೨೦೧೫ರಿಂದೀಚೆಗೆ ಬಂದ ಅನೇಕ ಆ್ಯಂಡ್ರಾಯ್ಡ್ ಯಂತ್ರಗಳು ಹೊಸ ಕಾರ್ಡನ್ನು ಹಾಕಿದೊಡನೆ, ‘ಇದನ್ನು ಒಳಭಂಡಾರವಾಗಿ ಸೇರಿಸಿಕೊಳ್ಳಲೆ?’ ಎಂದು ಕೇಳುತ್ತವೆ. ಒಪ್ಪಿದರೆ ಕಾರ್ಡಿಗೆ ಆ ಯಂತ್ರದ ಗುಪ್ತಮುದ್ರೆ ಬೀಳುತ್ತದೆ. ಬೇರೆ ಯಾವ ಯಂತ್ರವೂ ಅದನ್ನು ಓದಲಾರದು. ಯಂತ್ರವು ನೀರಿಗೆ ಬಿದ್ದು ಸತ್ತರೆ ಕಾರ್ಡೂ ಸಹಗಮನ ಮಾಡಿದಂತೆಯೇ. ಚಿತ್ರಗಳ ಕಾರ್ಡಿಗೆ ಈ ಒಪ್ಪಿಗೆಯನ್ನು ಕೊಡದಿರುವುದೇ ಜಾಣತನ.

ಕಾರ್ಡು ಕೆಟ್ಟಿತೆಂದು ತೋರಿದಾಗ ಮಾಡಬೇಕಾದುದಕ್ಕಿಂತ ಮಾಡಬಾರದ್ದೇ ಹೆಚ್ಚು. ಹೊಸ ಚಿತ್ರ ತೆಗೆಯಬಾರದು, ಫಾರ್ಮ್ಯಾಟ್ ಮಾಡಬಾರದು. ಕಾರ್ಡನ್ನು ಹೊರತೆಗೆದು ಕಂಪ್ಯೂಟರಿಗೆ ಹಚ್ಚಿ, ಓದಿದಷ್ಟನ್ನು ಮೊದಲು ನಕಲಿಳಿಸಬೇಕು. ಪಟ್ಟಿ ಮಾತ್ರ ಕೆಟ್ಟು ಕಾಳು ಉಳಿದಿದ್ದರೆ ‘ಫೋಟೋರೆಕ್’ನಂತಹ ಉಚಿತ ತಂತ್ರಾಂಶವು ಗುಂಡಿ ಗುಂಡಿಯನ್ನೂ ತಡಕಿ ಚಿತ್ರಗಳನ್ನು ಎತ್ತಿಕೊಡುವುದುಂಟು. ಆ ಅಜ್ಜಿಯ ಪಟಕ್ಕೂ ಉಳಿದಿರುವ ಆಸೆ ಇದೊಂದೇ. ಕೆಲವು ಕಾರ್ಡುಗಳು ಸಾಯುವ ಮುನ್ನ ಬರೆಯುವುದನ್ನು ನಿಲ್ಲಿಸಿ ಓದಲು ಮಾತ್ರ ಬಿಡುತ್ತವೆ. ಅಳಿಸಿದರೂ ಅಳಿಯದ ಕಾರ್ಡನ್ನು ಕಂಡು ‘ಗಟ್ಟಿ ಕಾರ್ಡು’ ಎಂದು ಹಿಗ್ಗಬಾರದು. ಅದು ಕಡೆಯ ನಮಸ್ಕಾರ.

ಇನ್ನು ವಿಶ್ವಾಸಾರ್ಹತೆಯ ಪ್ರಶ್ನೆ. ಯಾವ ಹೆಸರಿನ ಕಾರ್ಡು ಎಂದೆಂದಿಗೂ ಕೆಡದು ಎಂದು ಕೇಳಿದರೆ, ಅಂತಹದು ಇಲ್ಲ. ಇದರ ಉತ್ತರವನ್ನು ಶಾಸನಗಳನ್ನು ಕಾಪಾಡಿದವರಿಂದ ಕಲಿಯಬೇಕು. ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಶಾಸನತಜ್ಞರು ಈ ಸೀಮೆಯನ್ನು ಸುತ್ತಿ, ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ಪಡಿಯಚ್ಚು ತೆಗೆದರು. ಆ ಪಡಿಯಚ್ಚನ್ನು ಓದಿ ಪುಸ್ತಕವಾಗಿ ಮುದ್ರಿಸಿದರು. ಹೊಲದ ಕಲ್ಲು ಒಡೆದುಹೋದರೂ ಕಚೇರಿಯಲ್ಲಿ ಪಡಿಯಚ್ಚಿದೆ. ಪಡಿಯಚ್ಚಿಗೆ ಗೆದ್ದಲು ಹಿಡಿದರೂ ಊರೂರಿನ ಗ್ರಂಥಾಲಯಗಳಲ್ಲಿ ಪುಸ್ತಕವಿದೆ. ಮೂರು ಪ್ರತಿ, ಬೇರೆ ಬೇರೆ ವಸ್ತುಗಳ ಮೇಲೆ, ಬೇರೆ ಬೇರೆ ಊರುಗಳಲ್ಲಿ. ಇಂದಿನ ಗಣಕತಜ್ಞರು ಹೇಳುವ ಉಪಾಯವೂ ಅಕ್ಷರಶಃ ಇದೇ. ಕಾರ್ಡಿನಲ್ಲೊಂದು ಪ್ರತಿ, ಮನೆಯ ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಒಂದು, ಬೇರೂರಿನ ತಮ್ಮನ ಮನೆಯಲ್ಲೋ ಅಂತರ್ಜಾಲದ ಭಂಡಾರದಲ್ಲೋ ಮತ್ತೊಂದು. ಎಲ್ಲಕ್ಕಿಂತ ಮುಖ್ಯವಾದ ಹತ್ತು ಚಿತ್ರಗಳನ್ನು ಕಾಗದದ ಮೇಲೆ ಅಚ್ಚುಹಾಕಿಸಿದರೆ ಇನ್ನೂ ಲೇಸು. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಮಧ್ಯಮ ಗಾತ್ರದವು ಮೇಲು: ಒಂದು ಹಾಳಾದರೆ ಅರ್ಧವಾದರೂ ಉಳಿಯುತ್ತದೆ.

ಕಾರ್ಡನ್ನು ತಿಜೋರಿಯಲ್ಲಿಟ್ಟು ಹತ್ತು ವರ್ಷ ಮರೆತುಬಿಡುವುದೂ ಸಲ್ಲದು. ಮುಟ್ಟದೆ ಇಟ್ಟ ಮಾತ್ರಕ್ಕೆ ಹಗೇವಿನ ಸೋರಿಕೆ ನಿಲ್ಲುವುದಿಲ್ಲ. ಪ್ರತಿಮಾಡುವ ಕೆಲಸಕ್ಕೊಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕಾದರೆ ಆಯುಧಪೂಜೆಗಿಂತ ಒಳ್ಳೆಯ ದಿನ ಸಿಕ್ಕದು. ಅಂದು ಸ್ಕೂಟರಿನಿಂದ ಈಳಿಗೆಮಣೆಯವರೆಗೆ ಮನೆಯ ಯಂತ್ರಗಳೆಲ್ಲ ಒಂದೆಡೆ ಸೇರಿರುತ್ತವೆ. ಕೈಗಣಕವೂ ಆ ಸಾಲಿನಲ್ಲಿರುತ್ತದೆ. ಪೂಜೆಗೆ ಮುಂಚೆ ಕಾರ್ಡನ್ನು ತೆಗೆದು ಅದರಲ್ಲಿರುವುದನ್ನು ಇನ್ನೆರಡು ಕಡೆಗೆ ಇಳಿಸಬಹುದು. ಆಮೇಲೆ ಹಚ್ಚುವ ಅರಿಶಿನ ಕುಂಕುಮವು ಕಾರ್ಡಿನ ಬೆನ್ನಿನ ಹೊಂಬಣ್ಣದ ಪಟ್ಟಿಗಳಿಗೆ ಮಾತ್ರ ತಾಗಬಾರದು.