ತಡವರಿಸುವವನು ದಡ್ಡನಲ್ಲ



ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಆಡುವ ಮನೆಗಳು ಬಹಳ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಬಿದ್ದರೂ ಬೀಗತನ ಬಿಡಲಿಲ್ಲ, ಮಾತೂ ಹಾಗೇ ಉಳಿಯಿತು.

ಮನೆಯಲ್ಲಿ ತೆಲುಗು ಆಡುವ ಹುಡುಗ ತರಗತಿಯಲ್ಲಿ ಎದ್ದು ನಿಂತು "ಅದು... ಅದು ಸಾರ್..." ಅಂತ ತಡವರಿಸುತ್ತಾನೆ. ಅಕ್ಕಿ ಅನ್ನೋ ಬದಲು 'ಬಿಯ್ಯಂ' ಅಂದರಂತೂ ಹಿಂದಿನ ಬೆಂಚಿನವರು ಗೊಳ್ಳಂತ ನಗ್ತಾರೆ. ಮರುದಿನದಿಂದ ಅವನು ಕೈ ಎತ್ತೋದೇ ಬಿಡ್ತಾನೆ. ಹೀಗೆ ನಗುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಮಾತಾಡುವಾಗ ಮೆದುಳು ಸೆಕೆಂಡಿಗೆ ಎರಡು ಮೂರು ಪದ ಹುಡುಕಿ ಕೊಡುತ್ತದೆ. ಮೊದಲು ಅರ್ಥ, ಆಮೇಲೆ ಅದಕ್ಕೆ ತಕ್ಕ ಪದ, ಕೊನೆಗೆ ಅದರ ಉಚ್ಚಾರ. ಎರಡು ಭಾಷೆ ಬಲ್ಲವರಲ್ಲಿ ಎರಡೂ ಭಾಷೆಯ ಪದಗಳು ಒಟ್ಟಿಗೆ ಏಳುತ್ತವೆ. ಅಕ್ಕಿಯನ್ನು ನೆನೆದರೆ 'ಅಕ್ಕಿ', 'ಬಿಯ್ಯಂ' ಎರಡೂ ಮುಂದೆ ಬಂದು ನಿಲ್ಲುತ್ತವೆ. ಅದರಲ್ಲಿ ಒಂದನ್ನು ಆರಿಸಬೇಕು. ಹಾಲು–ಪಾಲು, ಹುಲಿ–ಪುಲಿ, ಉಳ್ಳಾಗಡ್ಡಿ–ಉಲ್ಲಿಗಡ್ಡ ಇಂಥ ಅಕ್ಕತಂಗಿ ಪದಗಳು ಒಂದನ್ನೊಂದು ಎಳೆದು ತರುತ್ತವೆ, ಬೇಗ ಸಿಗುತ್ತವೆ. ಸಂಬಂಧವಿಲ್ಲದ ಪದಗಳಿಗೆ ಆ ಅನುಕೂಲ ಇಲ್ಲ.

ಇನ್ನೊಂದು ಕಾರಣವೂ ಇದೆ. ಇವರು ದಿನದ ಮಾತನ್ನು ಎರಡು ಭಾಷೆಗೆ ಹಂಚುತ್ತಾರೆ. ಹಾಗಾಗಿ ಒಂದೊಂದು ಪದದ ಬಳಕೆ ಕಡಿಮೆ. ಕಡಿಮೆ ಬಳಸಿದ ಪದ ತಡವಾಗಿ ಬರುತ್ತದೆ. "ನಾಲಿಗೆ ತುದಿಯಲ್ಲೇ ಐತಿ, ಬರವಲ್ದು" ಅನ್ನೋ ಪಾಡು ಎರಡು ಭಾಷೆಯವರಿಗೆ ಹೆಚ್ಚು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಗಳಲ್ಲಿ ಈ ತಡ ಒಂದು ಸೆಕೆಂಡಿನ ಸಣ್ಣ ಪಾಲು ಮಾತ್ರ. ಅಷ್ಟಕ್ಕೇ ದಡ್ಡ ಅನ್ನಬಹುದೇ?

"ಶಾಲೆಯೊಳಗೆ ತೆಲುಗು ಬಂದರೆ ಕನ್ನಡ ಕೆಡುತ್ತದೆ" ಅಂತ ಕೆಲವರು ಹೇಳ್ತಾರೆ. ಬಳ್ಳಾರಿಯ ರಾಘವ ಕಲಾಮಂದಿರ ಯಾರ ಹೆಸರಿನಲ್ಲಿದೆ? ಬಳ್ಳಾರಿ ರಾಘವ (1880–1946) ಅವರು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಾಟಕ ಆಡಿದವರು. ಒಂದು ಭಾಷೆ ಇನ್ನೊಂದನ್ನು ಕೆಡಿಸಲಿಲ್ಲ. ಕನ್ನಡ ಪದ ಬೇಗ ಬರಬೇಕಾದರೆ ಕನ್ನಡವನ್ನು ಹೆಚ್ಚು ಆಡಬೇಕು. ನಾವು ನಕ್ಕರೆ ಆಡೋದೇ ನಿಲ್ಲುತ್ತದೆ. ಹಾಗಾದರೆ ಕನ್ನಡಕ್ಕೆ ಕೇಡು ಮಾಡುವವರು ನಗುವ ನಾವೇ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟು: ಉತ್ತರಕ್ಕೆ ಐದು ಎಣಿಸುವಷ್ಟು ಹೊತ್ತು ಕಾಯಿರಿ. ತೆಲುಗು ಪದ ಬಂದರೆ ಬರಲಿ. ಅದರ ಕನ್ನಡ ಪದ ಹೇಳಿಕೊಟ್ಟು ಅವನಿಂದಲೇ ವಾಕ್ಯ ಮಾಡಿಸಿರಿ.

ಗೆಳೆಯರೇ, ನಗೋ ಬದಲು ಪದ ಕೊಡಿ. ಮನೆಯಲ್ಲಿ ಕನ್ನಡ ಮಾತ್ರ ಆಡುವವರು ಒಮ್ಮೆ ಅಂಗಡಿಗೆ ಹೋಗಿ ಅಕ್ಕಿ, ಬೇಳೆ, ಮೆಣಸಿನಕಾಯಿಯನ್ನು ತೆಲುಗಿನಲ್ಲೇ ಕೇಳಿ ನೋಡಿ. ನಾಲಿಗೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ!

— 10ನೇ ತರಗತಿ ವಿದ್ಯಾರ್ಥಿನಿ