ಕೋಲಾರದ ಆಳಕ್ಕೆ ಬೆಲೆ ಕಟ್ಟಿದವರು ಯಾರು?

ಹೈದರಾಬಾದಿನಲ್ಲಿ "ನಮ್ಮದು ಕೋಲಾರದ ಕಡೆ" ಅಂದರೆ ಸಾಕು, 2018ರಿಂದ ಈಚೆಗೆ ಎಲ್ಲರದೂ ಒಂದೇ ಮಾತು. ಓಹ್, ರಾಕಿ ಭಾಯ್ ಊರಾ! ನಾನೂ ನಕ್ಕು ಸುಮ್ಮನಾಗುತ್ತೇನೆ. ಸಿನಿಮಾ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಕೆಜಿಎಫ್ ಹೆಸರು ಹೊರಜಗತ್ತಿಗೆ ಗೊತ್ತಾಗಿದ್ದು ಯಶ್ ಬಂದ ಮೇಲಲ್ಲ. ವಿಜ್ಞಾನಿಗಳಿಗೆ 1965ರಲ್ಲೇ ಗೊತ್ತಿತ್ತು, ಅದೂ ಚಿನ್ನಕ್ಕಲ್ಲ.

2025ರ ಆಗಸ್ಟಿನಲ್ಲಿ ಚೀನಾದವರು ನೆಲದಡಿ 700 ಮೀಟರ್ ಆಳದಲ್ಲಿ ಜೂನೋ ಎಂಬ ಪ್ರಯೋಗ ಶುರು ಮಾಡಿದರು. ದೊಡ್ಡ ಗೋಳವೊಂದರಲ್ಲಿ 20,000 ಟನ್ ದ್ರವ ತುಂಬಿಸಿ, ನ್ಯೂಟ್ರಿನೋ ಎಂಬ ಕಣ ಹಾದುಹೋದಾಗ ಮಿನುಗುವ ಬೆಳಕಿಗೆ ಕಾಯುವುದು. ಸುದ್ದಿ ಓದಿ ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ಸುಳ್ಳಲ್ಲ. ನಾನು ಓದಿದ್ದು ಬಿಕಾಂ, ಭೌತವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಇದರಲ್ಲಿ ಲೆಕ್ಕಪತ್ರದವನು ಆಡಬೇಕಾದ ಮಾತು ಒಂದಿದೆ.

ಮೊದಲು, ಇವರು ನೆಲದೊಳಗೆ ಯಾಕೆ ಇಳಿಯುತ್ತಾರೆ? ಆಕಾಶದಿಂದ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ. ಅಂಗೈ ಚಾಚಿದರೆ ಸೆಕೆಂಡಿಗೆ ಒಂದೆರಡು ಮ್ಯೂಆನ್ ಕಣ ಅದನ್ನು ತೂರಿಕೊಂಡು ಹೋಗುತ್ತವೆ. ಈ ಗದ್ದಲದಲ್ಲಿ ನ್ಯೂಟ್ರಿನೋ ಹಿಡಿಯುವುದು ಅಂದರೆ ಕೋಟಿ ಬಸ್ ಸ್ಟ್ಯಾಂಡಿನಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಬಂಡೆ ದಪ್ಪವಾದಷ್ಟೂ ಗದ್ದಲ ಕಡಿಮೆ. ನ್ಯೂಟ್ರಿನೋಗೆ ಮಾತ್ರ ಬಂಡೆ ಲೆಕ್ಕಕ್ಕೇ ಇಲ್ಲ, ಇಡೀ ಭೂಮಿಯನ್ನೇ ದಾಟಿ ಬರುತ್ತದೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಅದೇ ಟಿಐಎಫ್ಆರ್, ಅದರ ಒಂದು ಕ್ಯಾಂಪಸ್ ಈಗ ನಮ್ಮ ಗೋಪನಪಲ್ಲಿಯಲ್ಲೇ ಇದೆ) 1950ರ ದಶಕದಲ್ಲೇ ಕೆಜಿಎಫ್ ಗಣಿಗೆ ಇಳಿದರು. ಆ ತಂಡದ ಬಿ.ವಿ. ಶ್ರೀಕಂಠನ್ ಹುಟ್ಟಿದ್ದು ನಂಜನಗೂಡಿನಲ್ಲಿ, ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ಆಳ ಆಳಕ್ಕೆ ಹೋಗಿ ಮ್ಯೂಆನ್ ಎಣಿಸಿದರು. 2,760 ಮೀಟರಿಗೆ ಇಳಿದಾಗ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ! ಬೇರೆಯವರಾದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಖುಷಿಯಾಯಿತು. ಅಷ್ಟು ನಿಶ್ಶಬ್ದ ಇದ್ದರೆ ನ್ಯೂಟ್ರಿನೋ ಪಿಸುಮಾತು ಕೇಳಬಹುದಲ್ಲ!

ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2,300 ಮೀಟರ್ ಕೆಳಗೆ ಉಪಕರಣ ಹೂಡಿದರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಸುಳಿವು ಮೊದಲು ಸಿಕ್ಕಿತ್ತು, ನಮ್ಮವರ ಲೇಖನ ಎರಡು ವಾರ ಮೊದಲು ಅಚ್ಚಾಯಿತು. ಲೆಕ್ಕ ಸಮ ಅನ್ನೋಣ.

1980ರ ಕೊನೆಗೆ ಅಲ್ಲೇ 140 ಟನ್ ಕಬ್ಬಿಣದ ಕೊಳವೆಗಳನ್ನು ಪೇರಿಸಿ ಇನ್ನೊಂದು ಪ್ರಯೋಗ ಶುರುವಾಯಿತು. ಪರಮಾಣುವಿನ ಒಳಗಿನ ಪ್ರೋಟಾನ್ ಎಂದಾದರೂ ಸಾಯುತ್ತದೆಯೇ? ಅದಕ್ಕೆಂದೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿಗೇ ಇದು ಮೊದಲನೆಯದು. ಸತ್ತಂತೆ ಕಂಡ ಕೆಲವು ಗುರುತು ಸಿಕ್ಕವು ಎಂದೂ ಬರೆದರು. ಅಮೆರಿಕ, ಜಪಾನಿನ ದೊಡ್ಡ ಯಂತ್ರಗಳಲ್ಲಿ ಅದು ಕಾಣಲಿಲ್ಲ. ಇವತ್ತಿಗೂ ಯಾರಿಗೂ ಕಂಡಿಲ್ಲ.

ಈಗ ನಾನು ಹೇಳಬೇಕಾದ ಮಾತು. ಜಪಾನಿನವರು ಕಮಿಯೋಕಾ ಎಂಬ ಸತುವಿನ ಗಣಿಯಲ್ಲಿ 1983ರಲ್ಲಿ 3,000 ಟನ್ ನೀರಿನ ತೊಟ್ಟಿ ಕಟ್ಟಿದ್ದೂ ಪ್ರೋಟಾನ್ ಸಾವು ನೋಡುವುದಕ್ಕೇ. ಅದು ಸಿಗಲಿಲ್ಲ. 1987ರ ಫೆಬ್ರವರಿಯಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೋಗಳು ಬಲೆಗೆ ಬಿದ್ದವು, ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್. ಆಮೇಲೆ 50,000 ಟನ್ನಿನ ತೊಟ್ಟಿ ಕಟ್ಟಿ, ನ್ಯೂಟ್ರಿನೋ ದಾರಿಯಲ್ಲಿ ವೇಷ ಬದಲಿಸುತ್ತದೆ ಎಂದು 1998ರಲ್ಲಿ ತೋರಿಸಿದರು, ಕಜಿತಾ ಅವರಿಗೆ 2015ರಲ್ಲಿ ನೊಬೆಲ್. ಯಾವ ನ್ಯೂಟ್ರಿನೋ ಗೊತ್ತೇ? ಕೆಜಿಎಫ್‌ನಲ್ಲಿ 1965ರಲ್ಲಿ ಕಂಡ ಅದೇ ವಾಯುಮಂಡಲದ್ದು. ಆ ಗಣಿಯಲ್ಲೂ ಅದಿರು ತೆಗೆಯುವುದು ನಿಂತದ್ದು 2001ರಲ್ಲೇ. ಗಣಿ ಹೋಯಿತು, ಪ್ರಯೋಗಾಲಯ ಉಳಿಯಿತು.

ನಮ್ಮಲ್ಲಿ 1990ರ ದಶಕದ ಆರಂಭಕ್ಕೇ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಗೇ ಬೀಗ, ಪಂಪು ನಿಂತಿತು, ನೀರು ತುಂಬಿತು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿಯಾಗಿತ್ತು, ಅದು ಹೌದು. ಆದರೆ ಬ್ಯಾಂಕಿನಲ್ಲಿ ಮುಳುಗಿದ ಕಾರ್ಖಾನೆಯ ಲೆಕ್ಕ ಮುಗಿಸುವಾಗ ಜಾಗ, ಷೆಡ್ಡು, ಮೆಷಿನ್ನು, ಕೊನೆಗೆ ಗುಜರಿಗೂ ಬೇರೆ ಬೇರೆ ಬೆಲೆ ಕಟ್ಟುತ್ತೇವೆ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರ್ ಆಳ ಇತ್ತಲ್ಲ, ನೂರಿಪ್ಪತ್ತು ವರ್ಷ ಕಾರ್ಮಿಕರು ಜೀವ ತೇದು ತೋಡಿದ ಆಳ, ಅದಕ್ಕೆ ಬೆಲೆ ಕಟ್ಟಿದವರು ಯಾರು? ಲೆಜರಿನಲ್ಲಿ ಚಿನ್ನದ ಕಾಲಂ ಒಂದೇ ಇತ್ತು.

ಅಮೆರಿಕದಲ್ಲೂ ಹೀಗೇ ಆಗಿತ್ತು. ಸೌತ್ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 2003ರಲ್ಲಿ ಪಂಪು ನಿಲ್ಲಿಸಿದರು, ನೀರು ಏರಿತು. 2006ರಲ್ಲಿ ಕಂಪನಿ ಗಣಿಯನ್ನು ರಾಜ್ಯಕ್ಕೆ ದಾನ ಕೊಟ್ಟಿತು. ಒಬ್ಬ ಬ್ಯಾಂಕರ್ (ಹೌದು, ನಮ್ಮ ಕಸುಬಿನವನೇ!) 7 ಕೋಟಿ ಡಾಲರ್ ಕೊಟ್ಟ. 2008ರಿಂದ ನೀರು ಎತ್ತಿ ಹೊರಹಾಕಿದರು. ಈಗ ಅಲ್ಲಿ ಜಗತ್ತಿನ ದೊಡ್ಡ ನ್ಯೂಟ್ರಿನೋ ಪ್ರಯೋಗವೊಂದು ತಯಾರಾಗುತ್ತಿದೆ.

ನಾವು? 2015ರಲ್ಲಿ ಕೇಂದ್ರ ಸಂಪುಟ ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಲ್ಲಿ ಹೊಸ ಸುರಂಗಕ್ಕೆ ಸುಮಾರು 1,500 ಕೋಟಿ ರೂಪಾಯಿ ಮಂಜೂರು ಮಾಡಿತು. ಪಶ್ಚಿಮ ಘಟ್ಟ, ನೀರಿನ ಸೆಲೆ ಅಂತ ಅಲ್ಲಿನ ಜನ ಬೇಡವೆಂದರು, ರಾಜ್ಯ ಸರ್ಕಾರವೂ ಬೇಡವೆಂದಿತು. ಇನ್ನೂ ಸುರಂಗವಿಲ್ಲ. ಆ ಜನರನ್ನು ವಿಜ್ಞಾನ ವಿರೋಧಿಗಳು ಅಂತ ಬೈಯುವುದು ನನಗೆ ಒಪ್ಪಿಗೆಯಿಲ್ಲ. ತಮ್ಮ ಬೆಟ್ಟದ ಬಗ್ಗೆ ಯಾರಿಗೂ ಭಯವಾಗುತ್ತದೆ.

ಕೆಜಿಎಫ್‌ನ ಕೇಜಿನಲ್ಲಿ ಥೇಣಿಯ 50,000 ಟನ್ ಕಬ್ಬಿಣ ಇಳಿಸಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಬಂಡೆ ಸಿಡಿಯುವ ಅಪಾಯವೂ ಇತ್ತು. ಆದರೆ ಎಲ್ಲ ಪ್ರಯೋಗವೂ ಅಷ್ಟು ದೊಡ್ಡದಿರುವುದಿಲ್ಲ. ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 550 ಮೀಟರ್ ಆಳದಲ್ಲಿ 2017ರಿಂದ ಚಿಕ್ಕ ಪ್ರಯೋಗಾಲಯ ನಡೆಯುತ್ತಿದೆ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಹುಡುಕುವುದಕ್ಕೆ. ನಮ್ಮ ಹತ್ತಿರ ಇದ್ದದ್ದು ಅದರ ನಾಲ್ಕು ಪಟ್ಟು ಆಳ. ಒಂದೇ ಒಂದು ಶಾಫ್ಟಿಗೆ ಪಂಪು ಓಡಿಸಿದ್ದರೆ?

ನಮಗೆ ಕೈಲಾಗುವುದಿಲ್ಲ ಎನ್ನಬೇಡಿ. ಲಡಾಖಿನ ಹಾನ್ಲೆಯಲ್ಲಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 21 ಮೀಟರ್ ಅಗಲದ ಗಾಮಾ ಕಿರಣದ ದೂರದರ್ಶಕ ಕಟ್ಟಿದ್ದರಲ್ಲಿ ಇಲ್ಲಿನ ಇಸಿಐಎಲ್ ಪಾಲಿದೆ. ಕುಷಾಯಿಗುಡ ಬಸ್ಸಿನಲ್ಲಿ ದಿನಾ ದಾಟಿಹೋಗುವ ಜಾಗ ಅದು!

ಮುಳುಗಿದ ಗಣಿಯನ್ನು ಈಗ ಎತ್ತುವುದು ಕಷ್ಟದ ಮಾತೇ. ಆದರೆ ಇನ್ನೊಂದು ಆಸ್ತಿ ಇನ್ನೂ ಪೂರ್ತಿ ಮುಳುಗಿಲ್ಲ. ವಿಜ್ಞಾನಿಗಳ ಜೊತೆ ಕೇಜಿನಲ್ಲಿ ಇಳಿದು ಆ ಕೊಳವೆಗಳನ್ನು ಹೊತ್ತವರು, ಜೋಡಿಸಿದವರು ಗಣಿಯ ಕಾರ್ಮಿಕರು. 1985ರಲ್ಲಿ ಇಪ್ಪತ್ತೈದರ ಹುಡುಗರಾಗಿದ್ದವರು ಈಗ ಅರವತ್ತೈದು ದಾಟಿದ್ದಾರೆ. ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್ ಲೈನುಗಳಲ್ಲಿ ನಿಮ್ಮ ತಂದೆಯೋ ಮಾವನೋ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡವೋ ತಮಿಳೋ ತೆಲುಗೋ, ಯಾವ ಭಾಷೆಯಲ್ಲಾದರೂ ಸರಿ.